ಎಂಟನೆಯ ವರ್ಷ ಕಡಿದ ಮರ

ನಾವು ಊರಿಗೆ ಕೊಟ್ಟಿದ್ದ ಲೆಕ್ಕ ತಪ್ಪು ಎಂಬುದು ನನಗೆ ಗೊತ್ತಾದದ್ದು ಒಂದು ಮಂಗಳವಾರ ಮಧ್ಯಾಹ್ನ, ಊಟಕ್ಕೆ ಏಳುವ ಹೊತ್ತಿನಲ್ಲಿ. ಸೂಕ್ಷ್ಮದರ್ಶಕದಿಂದ ಕಣ್ಣು ತೆಗೆದೆ, ಕನ್ನಡಕ ಒರೆಸಿಕೊಂಡೆ, ಮತ್ತೆ ನೋಡಿದೆ. ಎಂಟೇ ಇದ್ದವು. ಆರಲ್ಲ, ಎಂಟು.

ನನ್ನ ಕೆಲಸ ಮರದ ಉಂಗುರ ಎಣಿಸುವುದು. ಮರ ವರ್ಷಕ್ಕೊಂದು ಉಂಗುರದಂತೆ ದಪ್ಪವಾಗುತ್ತ ಹೋಗುತ್ತದೆ. ಒಳ್ಳೆಯ ಮಳೆಯಾದ ವರ್ಷ ಉಂಗುರ ಅಗಲ, ಮಳೆ ಕೈಕೊಟ್ಟ ವರ್ಷ ಕಿರಿದು. ಹಳೆಯ ಮನೆ ಕೆಡವುವಾಗ ಸಿಗುವ ತೊಲೆ, ಜಂತಿಗಳ ತುಂಡುಗಳನ್ನು ತಂದು, ಹೊಳಪು ಬರುವವರೆಗೆ ಉಪ್ಪುಕಾಗದದಿಂದ ಉಜ್ಜಿ, ಒಂದೊಂದು ಉಂಗುರಕ್ಕೂ ಸೂಜಿಯ ಮೊನೆ ಇಟ್ಟು ಎಣಿಸುತ್ತೇವೆ. ಇಪ್ಪತ್ತಮೂರು ವರ್ಷದಿಂದ ನನ್ನದು ಇದೇ ಕಸುಬು. ಮನೆಯವರು ಬದುಕಿದ್ದಾಗ, "ನಮ್ಮವಳಿಗೆ ದಿನಾ ಉಂಗುರ, ನನಗೆ ಮಾತ್ರ ಒಂದು ಪೈಸೆ ಖರ್ಚಿಲ್ಲ" ಎಂದು ಬಂದವರನ್ನೆಲ್ಲ ನಗಿಸುತ್ತಿದ್ದರು.

ಹಳೆಯ ಅಂಚೆ ಕಚೇರಿಯ ಹಿಂಭಾಗದಲ್ಲಿ ನಮ್ಮವು ಎರಡೇ ಕೋಣೆ, ಇಬ್ಬರೇ ಜನ. ಇನ್ನೊಬ್ಬರು ನನಗಿಂತ ಹದಿನೈದು ವರ್ಷ ದೊಡ್ಡವರು. ಎರಡು ಕನ್ನಡಕ ಒಂದರ ಮೇಲೊಂದು ಹಾಕಿಕೊಳ್ಳುವುದರಿಂದ ಅವರಿಗೆ ಭೂತಗನ್ನಡಿ ಎಂದು ಯಾರೋ ಹೆಸರಿಟ್ಟರು, ಅವರೇ ಈಗ ಫೋನಿನಲ್ಲಿ "ಭೂತಗನ್ನಡಿ ಮಾತಾಡ್ತಿರೋದು" ಎನ್ನುತ್ತಾರೆ. ಈ ಕೆಲಸಕ್ಕೆ ಒಂದೇ ಒಂದು ಕಟ್ಟುನಿಟ್ಟಿನ ನಿಯಮ, ಅದನ್ನು ನನಗೆ ಕಲಿಸಿದವರೂ ಅವರೇ. ಪ್ರತಿ ತುಂಡನ್ನೂ ಇಬ್ಬರು ಬೇರೆ ಬೇರೆಯಾಗಿ ಎಣಿಸಬೇಕು. ಮೊದಲು ಎಣಿಸಿದವರು ಸಂಖ್ಯೆಯನ್ನು ಚೀಟಿಯಲ್ಲಿ ಬರೆದು ಲಕೋಟೆಗೆ ಹಾಕಿ ಅಂಟಿಸಬೇಕು. ಎರಡನೆಯವರು ಎಣಿಸಿ ಮುಗಿಸುವವರೆಗೆ ಅದರ ಬಗ್ಗೆ ತುಟಿ ಬಿಚ್ಚುವಂತಿಲ್ಲ. ಸಂಖ್ಯೆ ಕಿವಿಗೆ ಬಿದ್ದರೆ ಕಣ್ಣು ಅದನ್ನೇ ಹುಡುಕುತ್ತದೆ, ಹುಡುಕಿದ್ದು ಸಿಕ್ಕೂಬಿಡುತ್ತದೆ.

ಮೂರು ವರ್ಷದ ಹಿಂದೆ, ಈಗಿನ ಬರಕ್ಕೆ ಮೂರು ವರ್ಷ ತುಂಬುತ್ತಿದ್ದಾಗ, ನೀರು ಸರಬರಾಜು ಕಚೇರಿಯವರು ನಮ್ಮನ್ನು ಒಂದು ಪ್ರಶ್ನೆ ಕೇಳಿದ್ದರು. ಅವರ ಮಳೆ ಪುಸ್ತಕ ತೊಂಬತ್ತು ವರ್ಷ ಹಿಂದಕ್ಕೆ ಹೋಗುತ್ತದೆ, ಅಷ್ಟೆ. ಅದಕ್ಕೂ ಹಿಂದೆ ಈ ನೆಲದಲ್ಲಿ ಒಂದೇ ಸಮನೆ ಮಳೆ ಕೈಕೊಟ್ಟ ಅತಿ ಉದ್ದದ ಕಾಲ ಎಷ್ಟು? ನಾವು ಮೂವತ್ತೊಂದು ತೊಲೆ ಎಣಿಸಿ ಉತ್ತರ ಕೊಟ್ಟೆವು. ಸುಮಾರು ನಾನೂರು ವರ್ಷದ ಹಿಂದೆ, ಆರು ವರ್ಷ. ಹಿಂದೆ ಆರಿತ್ತೆಂದರೆ ಮುಂದೆಯೂ ಆರೇ ಎಂದು ನಾವೆಲ್ಲೂ ಬರೆದಿರಲಿಲ್ಲ. ಆದರೆ ಜನರಿಗೆ ವಾಕ್ಯ ನೆನಪಿರುವುದಿಲ್ಲ, ಸಂಖ್ಯೆ ನೆನಪಿರುತ್ತದೆ. ಕಚೇರಿ ಜಲಾಶಯದಲ್ಲಿ ಉಳಿದಿದ್ದ ನೀರನ್ನು ಆರನೆಯ ವರ್ಷದ ಕೊನೆಯವರೆಗೆ ಹಂಚಿ, ಮೇಲೆ ನಾಲ್ಕು ತಿಂಗಳು ಇಟ್ಟುಕೊಂಡಿತು. ಈಗ ಬರದ ಆರನೆಯ ವರ್ಷ ಮುಗಿಯುತ್ತ ಬಂದಿದೆ. ನಲ್ಲಿಯಲ್ಲಿ ನೀರು ಬರುವುದು ನಾಲ್ಕು ದಿನಕ್ಕೊಮ್ಮೆ. ಪಕ್ಕದ ಮನೆಯ ಹೊಲಿಗೆಯವಳು ಬಿಂದಿಗೆ ಇಟ್ಟುಕೊಂಡು ಸಾಲಿನಲ್ಲಿ ನಿಂತಾಗಲೆಲ್ಲ ನನ್ನನ್ನು ಕಂಡು ಬೇರೆಯವರಿಗೆ ಹೇಳುತ್ತಾಳೆ. "ಅಕ್ಕ ಲೆಕ್ಕ ಹಾಕಿ ಹೇಳಿದಾರೆ ಕಣ್ರೀ. ಇದೇ ಕೊನೇದು. ಇನ್ನೊಂದು ಸ್ವಲ್ಪ ಹಲ್ಲು ಕಚ್ಕೊಂಡಿರಿ."

ಹಲ್ಲು ಕಚ್ಚಿಕೊಂಡಿದ್ದವರಲ್ಲಿ ನನ್ನ ಮಗಳೂ ಒಬ್ಬಳು. ಏಳು ತಿಂಗಳ ಬಸುರಿ. ಗಾಜಿನ ಕಾರ್ಖಾನೆಗೆ ನೀರಿಲ್ಲದೆ ಅದನ್ನು ದೊಡ್ಡ ನದಿಯ ದಂಡೆಯ ಊರಿಗೆ ಸಾಗಿಸಿದಾಗ ಅಳಿಯನೂ ಅಲ್ಲಿಗೆ ಹೋದ. ರೈಲಿನಲ್ಲಿ ಹದಿನಾರು ಗಂಟೆ ದಾರಿ. ಇವಳು ಹೋಗಲಿಲ್ಲ. "ಅಮ್ಮ ಇಲ್ಲಿದ್ದಾಳೆ. ಮಳೆ ಹೇಗೂ ಬರತ್ತೆ. ಗುರುತಿಲ್ಲದ ಊರಲ್ಲಿ ಯಾಕೆ ಹೆರಲಿ" ಎಂದು ನನ್ನ ಮನೆಯ ಮೇಲಿನ ಕೋಣೆಯಲ್ಲಿ ಉಳಿದಳು. ಮಳೆ ಹೇಗೂ ಬರುತ್ತದೆ ಎಂಬ ಧೈರ್ಯ ಅವಳಿಗೆ ನಾನು ಎಣಿಸಿದ ಆರರಿಂದ ಬಂದದ್ದು. ಡಾಕ್ಟರಮ್ಮ ಹೋದ ವಾರವೇ ಹೇಳಿದ್ದರು, "ಹೋಗೋದಾದ್ರೆ ಮುಂದಿನ ವಾರ ಶನಿವಾರದೊಳಗೆ ಹೋಗು. ಆಮೇಲೆ ನಾನು ರೈಲು ಹತ್ತಕ್ಕೆ ಬಿಡಲ್ಲ."

ಆ ಮಂಗಳವಾರ ನನ್ನ ಮುಂದಿದ್ದದ್ದು ಒಂದು ಬಾವಿಯ ಮರ. ಜಲಾಶಯ ಇಳಿಯುತ್ತ ಇಳಿಯುತ್ತ ಅದರ ತಳದಲ್ಲಿ ಒಂದು ಹಳೆಯ ಬಾವಿಯ ಬಾಯಿ ತೆರೆದುಕೊಂಡಿತ್ತು. ಅದರ ಒಳಗೆ, ಎಲ್ಲಕ್ಕಿಂತ ಕೆಳಗೆ, ಮಣ್ಣು ಕುಸಿಯದಂತೆ ಕೂರಿಸಿದ್ದ ಮರದ ಚೌಕಟ್ಟು. ನೀರಿನ ಕಚೇರಿಯ ಇಂಜಿನಿಯರು ಅದರಿಂದ ಒಂದು ತುಂಡು ಕೊಯ್ಯಿಸಿ ಕಳಿಸಿದ್ದ. ನಾವು ಎಣಿಸಿದ್ದ ತೊಲೆಗಳ ಹಾಗೆ ಗುಡ್ಡದ ಮರವಲ್ಲ ಅದು, ತೊರೆಯ ಪಕ್ಕದಲ್ಲಿ ಬೆಳೆದದ್ದು. ಬೇರಿಗೆ ತೇವ ಸಿಗುವ ಮರ.

ನಮ್ಮ ಕಸುಬಿನಲ್ಲಿ ಹೆದರಬೇಕಾದ ವಿಷಯ ಒಂದಿದೆ. ತೀರಾ ಕೆಟ್ಟ ವರ್ಷದಲ್ಲಿ ಗುಡ್ಡದ ಮರ ಉಂಗುರವನ್ನೇ ಕಟ್ಟುವುದಿಲ್ಲ. ಕಿರಿದಾದ ಉಂಗುರ ಎಂದಲ್ಲ, ಇಲ್ಲವೇ ಇಲ್ಲ. ಅತಿ ಕಷ್ಟದ ವರ್ಷ ಏನೂ ಗುರುತು ಬಿಡದೆ ಹೋಗುತ್ತದೆ, ಎಣಿಸುವವರು ಅದನ್ನು ದಾಟಿ ಮುಂದೆ ಹೋಗುತ್ತಾರೆ. ತೊರೆಯ ಪಕ್ಕದ ಈ ಮರ ಮಾತ್ರ ಹೇಗೋ ಉಸಿರು ಹಿಡಿದುಕೊಂಡಿತ್ತು. ಅದರ ಹೊರ ಅಂಚಿನಲ್ಲಿ ಆ ಹಳೆಯ ಬರದ ಕಿರಿದಾದ ಉಂಗುರಗಳು, ಅವುಗಳಲ್ಲಿ ನಾಲ್ಕನೆಯ ಮತ್ತು ಐದನೆಯದೆಂದು ನಾವು ತಿಳಿದಿದ್ದವುಗಳ ನಡುವೆ ಕೂದಲೆಳೆಯಷ್ಟು ತೆಳುವಾಗಿ ಇನ್ನೂ ಎರಡು ಗೆರೆ. ಎಂಟನೆಯ ಉಂಗುರದ ಹೊರಗೆ ತೊಗಟೆ. ಅವಸರದಲ್ಲಿ ಕಡಿದು, ತೊಗಟೆಯನ್ನೂ ಕೆತ್ತದೆ, ಹಾಗೇ ಬಾವಿಗೆ ಇಳಿಸಿದ್ದರು. ಎಂಟನೆಯ ವರ್ಷದಲ್ಲೂ ಇನ್ನೂ ಆಳಕ್ಕೆ ಅಗೆಯುತ್ತಿದ್ದವರು. ಅದಕ್ಕಾಗಿ, ನೀರಿನ ಹತ್ತಿರ ಉಳಿದಿದ್ದ ಮರವನ್ನೂ ಕಡಿದವರು.

ಚೀಟಿಯಲ್ಲಿ ಎಂಟು ಎಂದು ಬರೆದು ಲಕೋಟೆ ಅಂಟಿಸಿದೆ.

"ಸಾರ್, ಬಾವಿ ತುಂಡು ನಿಮ್ಮ ಮೇಜಿನ ಮೇಲಿಟ್ಟಿದೀನಿ. ಸ್ವಲ್ಪ ಬೇಗ ನೋಡ್ತೀರಾ?"

ಭೂತಗನ್ನಡಿ ತಲೆ ಎತ್ತಲಿಲ್ಲ. "ನಾನೂರು ವರ್ಷ ಕಾದಿರೋ ಮರಕ್ಕೆ ಏನಮ್ಮ ಅವಸರ? ಶುಕ್ರವಾರ."

ಆ ಸಂಜೆ ಮನೆಗೆ ಹೋದಾಗ ಮಗಳು ಮೆಟ್ಟಿಲ ಮೇಲೆ ಕೂತು ಪಾದ ನೀವಿಕೊಳ್ಳುತ್ತಿದ್ದಳು. ಪಾದ ಊದಿತ್ತು. ಪಾತ್ರೆಯನ್ನು ಬೂದಿಯಲ್ಲಿ ಉಜ್ಜಿ, ಬಟ್ಟೆಯಲ್ಲಿ ಒರೆಸಿ ಜೋಡಿಸಿದ್ದಳು. ತೊಳೆಯುವುದನ್ನು ನಾವು ಬಿಟ್ಟು ತಿಂಗಳಾಗಿತ್ತು.

"ನಿನ್ನ ಅಳಿಯ ಫೋನ್ ಮಾಡಿದ್ದ. ಅಲ್ಲಿ ಮನೆ ಹಿಂದೇನೇ ನದಿಯಂತೆ. ಕಪ್ಪೆ ಕೂಗಿ ನಿದ್ದೆ ಬರಲ್ಲವಂತೆ. ಹೊಟ್ಟೆ ಉರಿಸ್ತಾನೆ."

"ಹೋಗ್ತೀಯಾ?" ಎಂದೆ. ಬಾಯಿ ತಪ್ಪಿ ಬಂತು.

ಅವಳು ಕತ್ತು ಓರೆ ಮಾಡಿ ನೋಡಿದಳು. "ಯಾಕೆ, ನಾನಿದ್ದು ಬೇಜಾರಾಯ್ತಾ?"

"ಸುಮ್ನೆ ಕೇಳ್ದೆ."

"ನೀನು ಸುಮ್ಸುಮ್ನೆ ಏನೂ ಕೇಳೋಳಲ್ಲ."

ನಾನು ಅಡುಗೆ ಮನೆಗೆ ಹೋಗಿ ಸೌದೆ ಸರಿ ಮಾಡುವ ನೆವದಲ್ಲಿ ಬೆನ್ನು ತಿರುಗಿಸಿ ನಿಂತೆ. ಹೇಳಬಹುದಿತ್ತು. ಆದರೆ ಒಬ್ಬಳ ಕಣ್ಣಿಗೆ ಕಂಡದ್ದು ಲೆಕ್ಕವಲ್ಲ ಎಂದು ಇಪ್ಪತ್ತಮೂರು ವರ್ಷ ನಂಬಿ ಬದುಕಿದವಳು ನಾನು. ಎರಡನೆಯ ಎಣಿಕೆ ಆಗುವವರೆಗೆ ಎಂಟು ಎಂಬುದು ನನ್ನ ಹೆದರಿಕೆಯೂ ಇರಬಹುದು, ಮಂಜಾಗುತ್ತಿರುವ ನನ್ನ ಕಣ್ಣೂ ಇರಬಹುದು. ಮೊದಲ ಹೆರಿಗೆಯ ಹುಡುಗಿಯನ್ನು ನನ್ನ ಮಂಜುಗಣ್ಣಿನ ಮಾತಿಗೆ ಹದಿನಾರು ಗಂಟೆ ರೈಲಿನಲ್ಲಿ ಕಳಿಸಲೇ?

ಬುಧವಾರ ಕೆಲಸ ಓಡಲಿಲ್ಲ. ಬೀರುವಿನಿಂದ ಹಳೆಯ ಚೀಟಿಗಳನ್ನೆಲ್ಲ ತೆಗೆದು, ಮರ ಕಡಿದ ವರ್ಷದ ಪ್ರಕಾರ ನೆಲದ ಮೇಲೆ ಸಾಲಾಗಿ ಹಾಸಿದೆ. ಈ ಊರಿನ ಮನೆಗಳು ಯಾವ ಯಾವ ವರ್ಷ ಎದ್ದವು ಎಂಬುದು ಹಾಗೆ ಕಣ್ಣಿಗೆ ಕಾಣುತ್ತದೆ. ಬರಗಾಲದ ಮೊದಲ ವರ್ಷದವರೆಗೆ ಚೀಟಿ ಒತ್ತೊತ್ತಾಗಿತ್ತು. ಆಮೇಲೆ ಒಂದು, ಎರಡು. ಎಂಟನೆಯ ವರ್ಷದ ಜಾಗದಲ್ಲಿ ಬಾವಿಯ ಮರ. ಅದರ ನಂತರ ಬರಿ ನೆಲ. ಮುಂದಿನ ಚೀಟಿ ಇದ್ದದ್ದು ನಲವತ್ತೊಂದು ವರ್ಷ ಆಚೆ.

ಆ ಖಾಲಿ ಜಾಗ ನಮಗೆ ಮೊದಲೂ ಗೊತ್ತಿತ್ತು. ವರದಿಯಲ್ಲಿ "ಈ ಅವಧಿಯ ಮಾದರಿಗಳು ಲಭ್ಯವಾಗಿಲ್ಲ" ಎಂದು ಒಂದು ಸಾಲು ಬರೆದು ಮುಗಿಸಿದ್ದೆವು. ಅದೇ ಖಾಲಿ ಜಾಗದ ಪಕ್ಕ ಮಂಡಿಯೂರಿ ಕೂತಾಗ, ಹಿಂದೊಮ್ಮೆ ಬಡಗಿಯೊಬ್ಬ ತೊಲೆಗಳನ್ನು ತಂದು ಇಳಿಸುತ್ತ ಹೇಳಿದ್ದು ನೆನಪಾಯಿತು. "ನೋಡಿ ಅಮ್ಮ, ಹಳೇವೆಲ್ಲ ಮರದ ಗೂಟ ಹೊಡೆದು ಕೂಡಿಸಿರೋವು. ಇವು ಆಮೇಲಿನವು, ಕಚ್ಚು ಹಾಕಿ ಕೂರಿಸಿದಾರೆ. ಒಬ್ಬರಿಂದ ಒಬ್ಬರು ಕಲಿತ ಕೈ ಅಲ್ಲ ಇದು. ಇವರು ಬೇರೆ ಜನ." ಆಗ ತಲೆಯಾಡಿಸಿ ಚಹಾ ಕೊಟ್ಟು ಕಳಿಸಿದ್ದೆ.

ಮನೆ ಕಟ್ಟಲಿಲ್ಲ ಎಂದಲ್ಲ, ಕಟ್ಟುವವರೇ ಇರಲಿಲ್ಲ. ನಲವತ್ತು ವರ್ಷ ಈ ಬೀದಿಗಳು ಖಾಲಿ ಬಿದ್ದಿದ್ದವು. ಆಮೇಲೆ ಎಲ್ಲಿಂದಲೋ ಬೇರೆ ಜನ ಬಂದು, ಬಿದ್ದ ಗೋಡೆಗಳ ಮೇಲೆ ತಮ್ಮ ಸೂರು ಹೊದಿಸಿದರು. ನಾವು ಅವರ ಮಕ್ಕಳು. ಹಿರಿಯರ ಊರು, ಹಿರಿಯರ ಬಾವಿ ಎಂದು ಬಾಯಿ ತುಂಬ ಹೇಳುತ್ತೇವಲ್ಲ, ಆ ಬಾವಿ ತೋಡಿದ ಹಿರಿಯರು ನಮ್ಮವರೇ ಅಲ್ಲ. ಅವರ ಮಕ್ಕಳು ಎಲ್ಲಿ ಹೋದರು, ಎಷ್ಟು ಜನ ತಲುಪಿದರು ಎಂದು ಹೇಳಲು ಯಾವ ಮರವೂ ಇಲ್ಲ. ಕಿಟಕಿಯಾಚೆ ಬಿಸಿಲಿನಲ್ಲಿ ಒಬ್ಬಳು ಖಾಲಿ ಕೊಡ ಬಡಿಯುತ್ತ ಹೋಗುತ್ತಿದ್ದಳು, ಆ ಸದ್ದಿಗೆ ಬೆಚ್ಚಿಬಿದ್ದೆ.

ಗುರುವಾರ ಮಗಳನ್ನು ಆಸ್ಪತ್ರೆಗೆ ಕರೆದುಕೊಂಡು ಹೋದೆ. ಹೆರಿಗೆ ವಾರ್ಡಿನ ಬಾಗಿಲಲ್ಲಿ ನರ್ಸು ಒಂದು ಚೀಟಿ ಕೈಗಿತ್ತಳು. ಬರುವಾಗ ತರಬೇಕಾದ ಸಾಮಾನು: ಹಳೆ ಬಟ್ಟೆ, ಸೋಪು, ಕುದಿಸಿದ ನೀರು ಎರಡು ಕ್ಯಾನು.

"ಎರಡು ಕ್ಯಾನಾ?" ಮಗಳು ನಕ್ಕಳು. "ಮಗು ಹೊತ್ಕೊಂಡು ಬರ್ಲಾ, ಕ್ಯಾನು ಹೊತ್ಕೊಂಡು ಬರ್ಲಾ?"

ನರ್ಸು ನಗಲಿಲ್ಲ. "ಹೋದ ತಿಂಗಳು ಒಂದಿತ್ತು. ನೀವು ಬರೋ ಹೊತ್ತಿಗೆ ಮೂರೂ ಆಗ್ಬಹುದು." ಅವಳ ಹಿಂದೆ ಹಾಸಿಗೆಗಳು ಸಾಲಾಗಿದ್ದವು. ಒಂದು ಹಾಸಿಗೆಯ ಬಟ್ಟೆಯನ್ನು ಆಯಾ ಮಗುಚಿ ಹಾಕುತ್ತಿದ್ದಳು. ಬದಲಾಯಿಸುತ್ತಿರಲಿಲ್ಲ, ಮಗುಚುತ್ತಿದ್ದಳು. ಮೇಲೆ ಬಂದ ಮಗ್ಗುಲಿನಲ್ಲಿ ಕಂದು ಬಣ್ಣದ ಕಲೆ. ಮಗಳು ನೋಡುವ ಮೊದಲೇ ಅವಳ ಭುಜ ಹಿಡಿದು ತಿರುಗಿಸಿದೆ.

ಶುಕ್ರವಾರ ಮಧ್ಯಾಹ್ನ ಮೂರಕ್ಕೆ ಭೂತಗನ್ನಡಿ ಸೂಜಿ ಕೆಳಗಿಟ್ಟರು. ತಮ್ಮ ಚೀಟಿ ಬರೆದರು. ನನ್ನ ಲಕೋಟೆ ಒಡೆದು ಎರಡನ್ನೂ ಪಕ್ಕಪಕ್ಕ ಇಟ್ಟರು.

ನನ್ನದು ಎಂಟು. ಅವರದು ಆರು.

ಆಮೇಲೆ ಅವರು ಮೆತ್ತಗೆ, "ಮಗಳು ಬಸುರಿ, ನೀರಿಲ್ಲ, ನಿದ್ದೆ ಇಲ್ಲ. ಹೆದರಿದವರ ಕಣ್ಣಿಗೆ ಗೀರೂ ಉಂಗುರವಾಗಿ ಕಾಣತ್ತೆ ತಂಗಿ" ಎಂದರು.

"ಆ ಎರಡು ಗೆರೆ ನಿಮಗೆ ಕಾಣ್ಲಿಲ್ವಾ?"

"ಕಾಣ್ತು. ಉಜ್ಜಿದಾಗ ಆಗಿರೋ ಗೀರು ಅಂತ ಬಿಟ್ಟೆ."

"ಗೀರು ಅಂತ ಯಾಕೆ ಅನ್ನಿಸ್ತು?"

ಅವರು ಕನ್ನಡಕ ತೆಗೆದರು. ಒಂದಲ್ಲ, ಎರಡನ್ನೂ. ಅವರ ಬರಿಗಣ್ಣು ನಾನು ನೋಡಿದ್ದು ಕಡಿಮೆ. "ಯಾಕೆ ಅಂದ್ರೆ... ಆರು ಅಂತ ಗೊತ್ತಿತ್ತಲ್ಲ. ಮೂರು ವರ್ಷದ ಹಿಂದೆ ಇಬ್ಬರೂ ಬೇರೆ ಬೇರೆ ಎಣಿಸಿ ಆರು ಅಂತ ಬಂದಿತ್ತಲ್ಲ."

ಆಗ ಹೇಳಿದೆ. ಮೂರು ವರ್ಷದಿಂದ ನನಗೆ ನಾನೇ ಹೇಳಿಕೊಳ್ಳದಿದ್ದ ಮಾತು.

"ಬೇರೆ ಬೇರೆ ಎಣಿಸಲಿಲ್ಲ ಸಾರ್. ನೀವು ಎಣಿಸುವಾಗ ತುಟಿಯೊಳಗೇ ಹೇಳ್ಕೋತೀರಿ. ನಿಮಗೆ ಗೊತ್ತಾಗಲ್ಲ. ಆವತ್ತು ನಾನು ಉಪ್ಪುಕಾಗದ ತಗೊಳ್ಳೋಕೆ ನಿಮ್ಮ ಹಿಂದೆ ಬಂದಿದ್ದೆ. ಆರಕ್ಕೆ ನಿಲ್ಲಿಸಿ 'ಆರು' ಅಂತ ಇನ್ನೊಂದ್ಸಲ ಅಂದ್ರಿ. ಕೇಳಿಸ್ಕೊಂಡು ಬಂದು ಕೂತು ಎಣಿಸಿದೆ. ಒಂದು ತೊಲೇಲಿ, ಒಂದೇ ಒಂದು ಮಗ್ಗುಲಲ್ಲಿ, ಇಂಥವೇ ಎರಡು ಗೆರೆ ಇದ್ವು. ನಾನೂ ಗೀರು ಅಂತ ಬಿಟ್ಟೆ."

ಅವರು ಬೈಯಬಹುದು ಎಂದುಕೊಂಡಿದ್ದೆ. ಬೈದಿದ್ದರೆ ಚೆನ್ನಾಗಿರುತ್ತಿತ್ತು. ಅವರು ಬರಿಗಣ್ಣಿನಲ್ಲಿ ಗೋಡೆ ನೋಡುತ್ತ ಕೂತರು.

"ಹಾಗಾದ್ರೆ ಎರಡು ಎಣಿಕೆ ಇರಲೇ ಇಲ್ಲ," ಎಂದರು ಕೊನೆಗೆ. "ಇದ್ದಿದ್ದು ನಂದೊಂದೇ. ಅದರ ಮೇಲೆ ಊರಿನ ನೀರು ಹಂಚಿಬಿಟ್ಟರು."

"ನಾನು ಆಗಲೇ ಹೇಳಬೇಕಿತ್ತು."

"ಹೇಳಬೇಕಿತ್ತು." ಅವರ ಧ್ವನಿಯಲ್ಲಿ ಸಿಟ್ಟಿರಲಿಲ್ಲ, ದಣಿವಿತ್ತು. "ಈಗ್ಲೂ ನೀನು ಸರಿ ಅಂತ ನಾನು ಹೇಳಲಾರೆ. ಬಾವಿಯಿಂದ ಇನ್ನೊಂದು ತುಂಡು ತರಿಸಿ, ಹೊಸಬರೊಬ್ಬರ ಹತ್ತಿರ ಎಣಿಸಬೇಕು. ಮೂರು ವಾರ ಬೇಕು. ಸೋಮವಾರ ನಾನೇ ಹೋಗಿ ನೀರಿನ ಕಚೇರಿಯವರಿಗೆ ಹೇಳ್ತೀನಿ, ಆರನ್ನ ನಂಬಿ ಕೂರಬೇಡಿ ಅಂತ. ಅವರು ಕೇಳ್ತಾರೋ ಬಿಡ್ತಾರೋ." ನನ್ನ ಕಡೆ ತಿರುಗಿ, "ಮಗಳಿಗೆ ಎಷ್ಟು ದಿನ ಇದೆ?" ಎಂದು ಕೇಳಿದರು.

"ನಾಳೆವರೆಗೆ."

ಅವರು ನನ್ನ ಚೀಲ ಎತ್ತಿ ನನ್ನ ಕೈಗೆ ಕೊಟ್ಟರು.

ಮನೆಗೆ ಬರುವ ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡು ಬಂದೆ. ಒಂದೂ ಉಪಯೋಗಕ್ಕೆ ಬರಲಿಲ್ಲ. ಮಗಳು ಕಿಟಕಿಯ ಹತ್ತಿರ ಮಗುವಿನ ಅಂಗಿಗೆ ಗುಂಡಿ ಹಾಕುತ್ತಿದ್ದಳು. ಅವಳ ಎದುರು ನೆಲದ ಮೇಲೆ ಕೂತು ಎಲ್ಲ ಹೇಳಿದೆ. ಬಾವಿಯ ಮರ, ಎಂಟು, ಖಾಲಿ ನಲವತ್ತೊಂದು ವರ್ಷ. ಭೂತಗನ್ನಡಿಯ ಹಿಂದೆ ನಿಂತು ಕೇಳಿಸಿಕೊಂಡ ಆರು. ಮುಚ್ಚಿಡಲಿಲ್ಲ.

ಅವಳು ದಾರ ಹಲ್ಲಿನಲ್ಲಿ ಕಡಿದಳು. "ಅಂದ್ರೆ ನಾನು ಏಳು ತಿಂಗಳಿಂದ ನಿನ್ನ ಕದ್ದು ಕೇಳಿದ ಲೆಕ್ಕ ನಂಬ್ಕೊಂಡು ಕೂತಿದೀನಿ."

"ಹೌದು."

"ಈಗಿನ ಎಂಟನ್ನ ನಿನ್ನ ಭೂತಗನ್ನಡಿ ಒಪ್ಪಿದಾರಾ?"

"ಇಲ್ಲ."

"ಮುಂದಿನ ತಿಂಗಳೇ ಮಳೆ ಬಂದ್ಬಿಟ್ರೆ?"

"ಬಂದ್ರೆ, ನೀನು ನಾನಿಲ್ಲದ ಕಡೆ ಸುಮ್ನೆ ಹೆತ್ತ ಹಾಗಾಗತ್ತೆ. ಜೀವಮಾನ ಪೂರ್ತಿ ನನ್ನ ಹಂಗಿಸು. ಅನ್ನಿಸ್ಕೋತೀನಿ."

"ನೀನೂ ಬಾ."

"ಇನ್ನೊಂದು ಎಣಿಕೆ ಆಗೋವರೆಗೆ ಬರೋ ಹಾಗಿಲ್ಲ ಪುಟ್ಟಾ. ತಪ್ಪು ನಂದು. ಇಲ್ಲಿರೋರೆಲ್ಲ ಇನ್ನೂ ಅದನ್ನೇ ನಂಬ್ಕೊಂಡು ಸಾಲಲ್ಲಿ ನಿಂತಿದಾರೆ."

ಅವಳು ಸಿಟ್ಟಾದಳು. ಅಂಗಿಯನ್ನು ಮಡಚಿದಳು, ಬಿಚ್ಚಿದಳು, ಮತ್ತೆ ಮಡಚಿದಳು. ನಾನು ಕಾದೆ. ಅವಳು ಹೋಗುವುದಿಲ್ಲ ಎಂದರೆ ನಾನೇನು ಮಾಡಬಲ್ಲೆ ಎಂದು ಯೋಚಿಸಿದೆ. ಆ ವಾರ್ಡು, ಆ ಮಗುಚಿದ ಹಾಸಿಗೆ, ಕ್ಯಾನಿನ ತಳದಲ್ಲಿ ನೀರು. ನನಗೇ ಗೊತ್ತಿಲ್ಲದೆ ಅವಳ ಊದಿದ ಪಾದ ಹಿಡಿದುಕೊಂಡಿದ್ದೆ.

"ಅಪ್ಪ ಹೋದಾಗಲೂ ನೀನು ಹೀಗಿರಲಿಲ್ಲ," ಎಂದಳು. ಧ್ವನಿ ಬದಲಾಗಿತ್ತು. "ಕೈ ನೋಡು, ಹೇಗೆ ನಡುಗ್ತಿದೆ. ನೀನು ಹೆದರಿದ್ದನ್ನ ನಾನು ನೋಡೇ ಇಲ್ಲ ಅಮ್ಮ."

"ಹೆದರಿದೀನಿ."

"ನಿನ್ನ ಎಂಟೂ ಬೇಡ, ಆರೂ ಬೇಡ. ಅವೆಲ್ಲ ನಂಗೆ ಅರ್ಥ ಆಗಲ್ಲ." ಅವಳು ಗೋಡೆ ಹಿಡಿದು ಎದ್ದಳು. "ಟ್ರಂಕ್ ಕೆಳಗಿಳಿಸು. ಚಿಕ್ಕದು ಸಾಕು."

ಶನಿವಾರ ಬೆಳಿಗ್ಗೆ ರೈಲು ಒಂಬತ್ತೂವರೆಗೆ. ಹೊಲಿಗೆಯವಳು ಓಡಿ ಬಂದು ಕಿಟಕಿಯ ಪಕ್ಕದ ಸೀಟು ಹಿಡಿದುಕೊಟ್ಟಳು, ಏನೂ ಕೇಳಲಿಲ್ಲ. ಟ್ರಂಕಿನ ತುಂಬ ಮಗುವಿನ ಬಟ್ಟೆ, ಅವಳದು ನಾಲ್ಕು ಜೊತೆ. ಚಳಿಗಾಲದ ಹೊದಿಕೆ ತೆಗೆದುಕೋ ಎಂದರೆ, "ಅಷ್ಟು ದಿನ ಯಾರಿರ್ತಾರೆ" ಎಂದು ಬಿಟ್ಟಿದ್ದಳು. ಕಂಬಿಯ ನಡುವಿನಿಂದ ಕೈ ಹೊರಗೆ ಚಾಚಿ ನನ್ನ ಕೆನ್ನೆ ಮುಟ್ಟಿದಳು.

"ಮೇಲಿನ ಕೋಣೆಗೆ ಬೀಗ ಹಾಕ್ಬೇಡ. ಗಾಳಿ ಆಡ್ತಿರ್ಲಿ. ಎರಡು ತಿಂಗಳು ಅಷ್ಟೆ. ಮೂರು ಜನ ಬರ್ತೀವಿ."

"ಹೂಂ," ಎಂದೆ.

ಆಗಲೇ ನಾನು ಬೇರೆ ಕಿಟಕಿಗಳನ್ನು ನೋಡಿದ್ದು. ಎಲ್ಲ ಕಿಟಕಿಗಳಲ್ಲೂ ಯಾರೋ ಇದ್ದರು, ಎಲ್ಲರ ಸಾಮಾನೂ ಚಿಕ್ಕದಿತ್ತು. ಗಿಡಕ್ಕೆ ಅಕ್ಕಿ ತೊಳೆದ ನೀರು ಹಾಕು ಎಂದು ಒಬ್ಬಳು ಹೇಳುತ್ತಿದ್ದಳು. ಮಗ್ಗದ ಮೇಲಿನದ್ದನ್ನು ಹಾಗೇ ಬಿಡು, ಬಂದು ಮುಗಿಸ್ತೀನಿ ಎಂದು ಇನ್ನೊಬ್ಬ. ಯಾರೂ ಅಳುತ್ತಿರಲಿಲ್ಲ. ಅಳುವಂಥದ್ದೇನೂ ಆಗುತ್ತಿರಲಿಲ್ಲ.

ಬುಧವಾರ ಚೀಟಿಗಳ ಪಕ್ಕ ಕೂತಾಗ ನಾನು ಕಲ್ಪಿಸಿಕೊಂಡದ್ದು ಬೇರೆ. ಗಂಟುಮೂಟೆ ಹೊತ್ತು ಆ ಕಾಲದ ಇಡೀ ಊರು ಒಂದು ಬೆಳಿಗ್ಗೆ ಸಾಲುಗಟ್ಟಿ ಹೊರಟಿತು, ಹಿಂದೆ ನೋಡಿ ಅತ್ತಿತು ಎಂದುಕೊಂಡಿದ್ದೆ. ಹಾಗೆ ಆಗಿರಲಾರದು. ಊರು ಬಿಟ್ಟು ಹೋಗುತ್ತೇನೆಂದು ಯಾರೂ ಹೊರಟಿರಲಾರರು. ಒಬ್ಬಳು ಹೆರಿಗೆಗೆ, ಒಬ್ಬ ಕೆಲಸಕ್ಕೆ, ಒಬ್ಬರು ಅಣ್ಣನ ಮನೆಗೆ ನಾಲ್ಕು ದಿನದ ಮಟ್ಟಿಗೆ. ಉಳಿದವರು ಬಾವಿಯನ್ನು ಇನ್ನೊಂದಿಷ್ಟು ಆಳ ತೋಡಿರಬೇಕು, ಹೋದವರು ಬಂದಾಗ ನೀರು ಬೇಕಲ್ಲ ಎಂದು.

ರೈಲು ಅಲುಗಿತು. ನಾನು ಅದರ ಜೊತೆ ನಾಲ್ಕು ಹೆಜ್ಜೆ ನಡೆದೆ. ಆಮೇಲೆ ಮಗಳ ಕೈ ಯಾವುದು, ಬೇರೆಯವರ ಕೈ ಯಾವುದು ತಿಳಿಯಲಿಲ್ಲ.

ಹಳಿ ಖಾಲಿಯಾದ ಮೇಲೂ ನನ್ನ ಪಕ್ಕ ಒಬ್ಬ ಮುದುಕಿ ನಿಂತಿದ್ದಳು. ಮೊಮ್ಮಕ್ಕಳನ್ನು ಹತ್ತಿಸಲು ಬಂದವಳು.

"ನಿಮ್ಮೋರು ವಾಪಸು ಯಾವಾಗ ಬರೋದು?" ಎಂದು ಕೇಳಿದಳು.

"ಎರಡು ತಿಂಗಳು," ಎಂದೆ.

"ನಮ್ಮೋರೂ ಅಷ್ಟೇ," ಎಂದಳು.

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡದೆ ನಿಂತೆವು.